ಸಿ5 ಕಾರ್ವೆಟ್ ಎಫ್55: ‘ಸರ್ವಿಸ್ ರೈಡ್ ಕಂಟ್ರೋಲ್’ ಬಂದಿದೆ, ಹಿಂದಿನ ಎಡ ಶಾಕ್ ಸೋರುತ್ತಿದೆ. ರಿಪೇರಿಯೋ, ಬದಲಾವಣೆಯೋ?

ಉಪ್ಪುರಸ್ತೆ_ಮಿಶಿಗನ್

ಕಾರು 2003ರ ಷೆವ್ರೊಲೆ ಕಾರ್ವೆಟ್ ಕೂಪೆ (ಐದನೇ ತಲೆಮಾರು, ಅದೇ ಸಿ5), 50ನೇ ವಾರ್ಷಿಕೋತ್ಸವದ ಆವೃತ್ತಿ. ಎಫ್55 ಸಸ್ಪೆನ್ಷನ್ (ಗಟ್ಟಿತನ ಕರೆಂಟಿನಿಂದ ಬದಲಾಗುವ ಶಾಕ್‌ಗಳು), ನಾಲ್ಕೂ ಶಾಕ್ ಕಂಪನಿಯಿಂದ ಬಂದವೇ. 71,000 ಮೈಲಿ ಓಡಿದೆ.

ಡ್ಯಾಶ್‌ಬೋರ್ಡಿನಲ್ಲಿ ಒಂದರ ಹಿಂದೆ ಒಂದು ಬರುತ್ತಿರುವುದು: ‘ಸರ್ವಿಸ್ ರೈಡ್ ಕಂಟ್ರೋಲ್’, ‘ಶಾಕ್ಸ್ ಇನ್‌ಆಪರೇಟಿವ್’, ಆಮೇಲೆ ಗರಿಷ್ಠ ವೇಗ 80 ಮೈಲಿ ಎಂಬ ಎಚ್ಚರಿಕೆ. ರೀಸೆಟ್ ಒತ್ತಿದರೆ ಹೋಗುತ್ತದೆ, ಹತ್ತು ನಿಮಿಷಕ್ಕೆ ಮತ್ತೆ ಹಾಜರ್. ನಾಬ್ ಟೂರ್‌ಗೆ (ಮೆತ್ತಗೆ) ಇಟ್ಟರೂ ಸ್ಪೋರ್ಟ್‌ಗೆ (ಗಟ್ಟಿ) ಇಟ್ಟರೂ ವ್ಯತ್ಯಾಸ ಗೊತ್ತಾಗುತ್ತಿಲ್ಲ. ಹೆದ್ದಾರಿಯಲ್ಲಿ ಉಬ್ಬು ಸಿಕ್ಕರೆ ಎರಡು ಮೂರು ಸಲ ದೋಣಿ ಥರ ತೂಗುತ್ತದೆ.

ಹಿಂದಿನ ಎಡ ಶಾಕ್‌ನ ಮೈಯೆಲ್ಲ ಕಪ್ಪು ಎಣ್ಣೆ, ಅದಕ್ಕೆ ಧೂಳು ಮೆತ್ತಿ ಗ್ರೀಸಿನಂತಾಗಿದೆ. ನೋಡಿದ ಗ್ಯಾರೇಜಿನವರು ನಾಲ್ಕನ್ನೂ ಬದಲಿಸಿ ಅಂದರು. ಕೋಡ್ ಓದಿ ನೋಡಿಲ್ಲ.

ಮೂರು ಪ್ರಶ್ನೆ. ಸೋರಿದ್ದಕ್ಕೇ ಈ ಮೆಸೇಜ್ ಬಂದಿದೆಯೇ? ಒಂದೇ ಶಾಕ್ ಹಾಕಿದರೆ ಸಾಕೇ? ಎಲೆಕ್ಟ್ರಾನಿಕ್ ಸಹವಾಸವೇ ಬೇಡ ಅಂತ ಸಾದಾ ಶಾಕ್‌ಗೆ ಹೋಗುವುದು ಜಾಣತನವೇ?

ಪಾನಾಪೆಟ್ಟಿ

ಸರ್, ಸದ್ಯ ಒಂದು ಶಾಕನ್ನೂ ಆರ್ಡರ್ ಮಾಡಬೇಡಿ. ನಿಮ್ಮ ಕಾರಿಗೆ ಎರಡು ಬೇರೆ ಬೇರೆ ಕಾಯಿಲೆ ಬಂದಿದೆ.

ಕಂಟ್ರೋಲ್ ಮಾಡ್ಯೂಲ್‌ಗೆ ಶಾಕ್ ಒಳಗೆ ಎಣ್ಣೆ ಇದೆಯೋ ಇಲ್ಲವೋ ಕಾಣುವುದೇ ಇಲ್ಲ. ಅದಕ್ಕೆ ಗೊತ್ತಾಗುವುದು ಕರೆಂಟು ಮತ್ತು ವೋಲ್ಟೇಜ್ ಅಷ್ಟೇ. ಶಾಕ್ ಒಳಗಿನ ಕಾಯಿಲ್‌ನಲ್ಲಿ (ತಂತಿಯ ಸುರುಳಿ) ಕರೆಂಟು ಸರಿಯಾಗಿ ಹರಿಯುತ್ತಿದೆಯಾ, ಚಕ್ರದ ಎತ್ತರ ಹೇಳುವ ನಾಲ್ಕು ಸೆನ್ಸರ್ ಸರಿಯಾದ ವೋಲ್ಟೇಜ್ ಕೊಡುತ್ತಿವೆಯಾ, ಸ್ಟೀರಿಂಗ್ ಸೆನ್ಸರ್ ಮಾತಾಡುತ್ತಿದೆಯಾ ಅಂತ ನೋಡುತ್ತದೆ. ಎಣ್ಣೆ ಪೂರ್ತಿ ಖಾಲಿಯಾದ ಶಾಕ್ ಇದ್ದರೂ ಕಾಯಿಲ್ ಗಟ್ಟಿಯಿದ್ದರೆ ಮೆಸೇಜ್ ಬರಲ್ಲ. ಹಾಗೇ ಹೊಸ ಶಾಕ್ ಇದ್ದರೂ ಕನೆಕ್ಟರ್ ಪಿನ್‌ಗೆ ಹಸಿರು ಕಿಲುಬು ಹಿಡಿದಿದ್ದರೆ ಮೆಸೇಜ್ ಬಂದೇ ಬರುತ್ತೆ. ನಿಮ್ಮಲ್ಲಿ ಸೋರುವುದು ಒಂದು ಕಡೆ, ದೂರುವುದು ಇನ್ನೊಂದು ಕಡೆ ಇರಬಹುದು.

ಸಿ5ನಲ್ಲಿ ಕೋಡ್ ಓದಲು ಸ್ಕ್ಯಾನರ್ ಬೇಕಿಲ್ಲ. ಹೀಗೆ ಮಾಡಿ:

ಇಗ್ನಿಷನ್ ಆನ್, ಎಂಜಿನ್ ಆಫ್. ಪರದೆ ಮೇಲಿರುವ ಎಚ್ಚರಿಕೆಗಳನ್ನೆಲ್ಲ ರೀಸೆಟ್ ಒತ್ತಿ ಕಳಿಸಿ. ಆಪ್ಷನ್ಸ್ ಬಟನ್ ಒತ್ತಿಹಿಡಿದುಕೊಂಡೇ ಫ್ಯೂಯೆಲ್ ಬಟನ್ ನಾಲ್ಕು ಸಲ ಒತ್ತಿ, 10 ಸೆಕೆಂಡಿನ ಒಳಗೆ. ಮಾಡ್ಯೂಲುಗಳು ಒಂದೊಂದಾಗಿ ತಾವೇ ಕೋಡ್ ತೋರಿಸುತ್ತಾ ಹೋಗುತ್ತವೆ. ನಿಮಗೆ ಬೇಕಾದ್ದು ‘38-ಆರ್‌ಟಿಡಿ’, ಅಂದರೆ ಶಾಕ್‌ಗಳನ್ನು ನಡೆಸುವ ಮಾಡ್ಯೂಲ್. ಕೋಡ್ ಪಕ್ಕದಲ್ಲಿ ಸಿ ಅಂತ ಇದ್ದರೆ ದೋಷ ಈಗಲೂ ಇದೆ, ಎಚ್ ಅಂತ ಇದ್ದರೆ ಹಿಂದೆ ಬಂದು ಹೋಗಿದೆ. ಎಲ್ಲಾ ಬರೆದಿಟ್ಟುಕೊಳ್ಳಿ, ಅಳಿಸಬೇಡಿ. ಅಳಿಸಿಬಿಟ್ಟರೆ ಆಗಾಗ ಬಂದುಹೋಗುವ ದೋಷದ ಸಾಕ್ಷಿಯೇ ಹೋಯಿತು.

ಉಪ್ಪುರಸ್ತೆ_ಮಿಶಿಗನ್

38-ಆರ್‌ಟಿಡಿಯಲ್ಲಿ ಎರಡು ಕೋಡ್: ಸಿ0620, ಪಕ್ಕದಲ್ಲಿ ಎಚ್ ಮತ್ತು ಸಿ ಎರಡೂ. ಸಿ0584, ಎಚ್ ಮಾತ್ರ. ಬೇರೆ ಮಾಡ್ಯೂಲುಗಳಲ್ಲಿ ಏನೂ ಇಲ್ಲ.

ಅರ್ಧಓಮ್

ಪಾನಾಪೆಟ್ಟಿ ಹೇಳಿದ್ದೇ ಆಯಿತು. ಈ ಎರಡು ಕೋಡ್‌ಗೂ ಸೋರುತ್ತಿರುವ ಎಡ ಹಿಂಬದಿಗೂ ಸಂಬಂಧವಿಲ್ಲ. ಎರಡೂ ಮುಂದಿನ ಬಲ ಚಕ್ರದವು.

ಕೋಡ್‌ಗಳ ಲೆಕ್ಕ ಸುಲಭ. ಸಿ0577ರಿಂದ ಸಿ0579 ಮುಂದಿನ ಎಡ ಶಾಕ್‌ನ ಕಾಯಿಲ್. ಸಿ0582ರಿಂದ ಸಿ0584 ಮುಂದಿನ ಬಲ. ಸಿ0587ರಿಂದ ಸಿ0589 ಹಿಂದಿನ ಎಡ. ಸಿ0592ರಿಂದ ಸಿ0594 ಹಿಂದಿನ ಬಲ. ಪ್ರತಿ ಮೂರರ ಗುಂಪಿನಲ್ಲಿ ಮೊದಲನೆಯದು ತಂತಿ ಕಾರಿನ ಲೋಹದ ಮೈಗೆ ತಾಗಿದೆ ಎಂದು, ಎರಡನೆಯದು ಬ್ಯಾಟರಿ ವೋಲ್ಟೇಜಿಗೆ ತಾಗಿದೆ ಎಂದು, ಮೂರನೆಯದು ಸರ್ಕ್ಯೂಟ್ ಕಡಿದಿದೆ ಎಂದು. ಎತ್ತರದ ಸೆನ್ಸರ್‌ಗಳದ್ದು ಸಿ0615, ಸಿ0620, ಸಿ0625, ಸಿ0630, ಅದೇ ಕ್ರಮದಲ್ಲಿ.

ಅಂದರೆ ನಿಮ್ಮ ಮುಂದಿನ ಬಲ ಸೆನ್ಸರ್ ಈಗ ಕೆಟ್ಟಿದೆ. ಅದೇ ಚಕ್ರದ ಶಾಕ್ ಕನೆಕ್ಷನ್ ಯಾವಾಗಲೋ ಒಮ್ಮೆ ಬಿಟ್ಟು ಮತ್ತೆ ಕೂತಿದೆ. ಒಂದೇ ಮೂಲೆಯಲ್ಲಿ ಎರಡು ದೋಷ ಕಂಡರೆ ಮೊದಲ ಗುಮಾನಿ ವೈರಿಂಗ್ ಮತ್ತು ಕನೆಕ್ಟರ್ ಮೇಲೆ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಎರಚುವ ಊರಿನ ಕಾರಿಗಂತೂ ಇದು ಮಾಮೂಲು.

ಸೆನ್ಸರ್ ಪರೀಕ್ಷೆ: ಚಕ್ರ ತೆಗೆದರೆ ಲೋವರ್ ಆರ್ಮ್‌ನಿಂದ (ಚಕ್ರವನ್ನು ಹಿಡಿದಿರುವ ಕೆಳಗಿನ ತೋಳು) ಸೆನ್ಸರ್‌ಗೆ ಹೋಗುವ ಪುಟ್ಟ ಕಡ್ಡಿ ಕಾಣುತ್ತದೆ, ಎರಡೂ ತುದಿಗೆ ಗುಂಡು ಕೀಲು. ಮೊದಲು ಕಡ್ಡಿ ಅಲ್ಲಿದೆಯೇ ನೋಡಿ! ಪ್ಲಾಸ್ಟಿಕ್ ಕೀಲು ಸೀಳಿ ಕಡ್ಡಿ ಬಿದ್ದುಹೋಗಿರುವುದು ಅಪರೂಪವಲ್ಲ. ಇದ್ದರೆ ಸೆನ್ಸರ್ ಕಡೆಯ ಕೀಲು ಬಿಡಿಸಿ, ಕನೆಕ್ಟರ್ ಹಾಕಿಯೇ ಇಟ್ಟು, ಹಿಂಬದಿಯಿಂದ ಸೂಜಿ ಚುಚ್ಚಿ ವೋಲ್ಟೇಜ್ ಅಳೆಯಿರಿ. ಇಗ್ನಿಷನ್ ಆನ್ ಇರಬೇಕು. ಮೂರು ತಂತಿ: ಒಂದರಲ್ಲಿ 5 ವೋಲ್ಟ್, ಒಂದು ಅರ್ತ್, ಒಂದು ಸಿಗ್ನಲ್. ಸೆನ್ಸರ್‌ನ ಕೈಯನ್ನು ಬೆರಳಿನಿಂದ ನಿಧಾನಕ್ಕೆ ಮೇಲೆ ಕೆಳಗೆ ಮಾಡಿದರೆ ಸಿಗ್ನಲ್ ಒಂದೇ ಸಮನೆ ಏರಿಳಿಯಬೇಕು. ನಡುವೆ ಎಲ್ಲಾದರೂ ಸೊನ್ನೆಗೆ ಕುಸಿದರೆ ಅಥವಾ 5ಕ್ಕೆ ಜಿಗಿದರೆ ಸೆನ್ಸರ್ ಹೋಗಿದೆ. 5 ವೋಲ್ಟೇ ಬರುತ್ತಿಲ್ಲವೆಂದರೆ ಸೆನ್ಸರ್ ನಿರಪರಾಧಿ, ತಂತಿ ಹಿಡಿದು ಹಿಂದಕ್ಕೆ ಹೋಗಿ.

ಕಾಯಿಲ್ ಪರೀಕ್ಷೆ: ಶಾಕ್ ತಲೆಯ ಕನೆಕ್ಟರ್ ಬಿಚ್ಚಿ, ಶಾಕ್ ಕಡೆಯ ಎರಡು ಪಿನ್‌ಗಳ ನಡುವೆ ಓಮ್ ಅಳೆಯಿರಿ. ಇಲ್ಲಿ ಬಹಳ ಜನ ಎಡವುತ್ತಾರೆ. ಕಾಯಿಲ್‌ನ ರೆಸಿಸ್ಟೆನ್ಸ್ ತುಂಬಾ ಕಡಿಮೆ, ಮೀಟರ್‌ನ ವೈರುಗಳದ್ದೇ 0.2, 0.3 ಓಮ್ ಇರುತ್ತದೆ. ಮೊದಲು ಮೀಟರ್‌ನ ಎರಡು ಮೊನೆ ಒಂದಕ್ಕೊಂದು ತಾಗಿಸಿ ಬಂದ ಅಂಕಿ ಬರೆದುಕೊಂಡು, ಅದನ್ನು ಪ್ರತಿ ಅಳತೆಯಿಂದ ಕಳೆಯಿರಿ. ನಾಲ್ಕೂ ಶಾಕ್ ಒಂದೇ ದಿನ, ತಣ್ಣಗಿರುವಾಗ ಅಳೆದು ಹೋಲಿಸಿ. ಮುಂದಿನವೆರಡು ಒಂದಕ್ಕೊಂದು, ಹಿಂದಿನವೆರಡು ಒಂದಕ್ಕೊಂದು ಹತ್ತಿರ ಇರಬೇಕು. ಅಳೆಯುತ್ತಿರುವಾಗಲೇ ತಂತಿಯನ್ನು ಅಲ್ಲಾಡಿಸಿ, ಅಂಕಿ ಕುಣಿದರೆ ಕಳ್ಳ ಸಿಕ್ಕ. ಕೊನೆಗೆ ಪ್ರತಿ ಪಿನ್‌ನಿಂದ ಶಾಕ್‌ನ ಲೋಹದ ಮೈಗೆ ಅಳೆಯಿರಿ. ಅಲ್ಲಿ ಏನೂ ಹರಿಯಬಾರದು.

ಘಟ್ಟದತಿರುವು

ಇಷ್ಟೆಲ್ಲಾ ಯಾಕೆ ಮಾರಾಯ್ರೇ? ಇಪ್ಪತ್ತು ವರ್ಷ ದಾಟಿದ ಕಾರು. ನಾಲ್ಕೂ ಕಿತ್ತು ಹಾಕಿ ಒಳ್ಳೆ ಬಿಲ್‌ಸ್ಟೈನ್ ಕಂಪನಿಯ ಸೆಟ್ಟೋ, ಝಡ್06 (ಸಿ5ನದ್ದೇ ಗಟ್ಟಿ ಮಾದರಿ) ಕಾರಿನಿಂದ ಬಿಚ್ಚಿದ ಸಾದಾ ಶಾಕೋ ಹಾಕಿ ಬಿಡಿ. ಎಫ್55ನ ಒಂದು ಜೋಡಿಗೆ ಕೊಡುವ ದುಡ್ಡಿನಲ್ಲಿ ಕೆಲಸವೇ ಮುಗಿದು ಹೋಗ್ತದೆ. ಇನ್ನು ಹತ್ತು ವರ್ಷ ತಲೆಬಿಸಿ ಇಲ್ಲ.

ಅರ್ಧಓಮ್

ಘಟ್ಟದತಿರುವು ಹೇಳುವುದರಲ್ಲಿ ಅರ್ಧ ಸತ್ಯವಿದೆ. ಉಳಿದರ್ಧ ಹೇಳುತ್ತೇನೆ.

ಎಫ್55 ಅಂದರೆ ಡೆಲ್ಫೈ ಮಾಡಿದ ಮ್ಯಾಗ್ನೆರೈಡ್. ಮೊದಲು ಬಂದದ್ದು 2002ರ ಕ್ಯಾಡಿಲಾಕ್ ಸೆವಿಲ್ ಎಸ್‌ಟಿಎಸ್‌ನಲ್ಲಿ, ಮರುವರ್ಷ ಕಾರ್ವೆಟ್‌ಗೆ. ಎಣ್ಣೆಯೊಳಗೆ ಹಿಟ್ಟಿಗಿಂತ ನುಣ್ಣಗಿನ ಕಬ್ಬಿಣದ ಪುಡಿ ತೇಲುತ್ತಿರುತ್ತದೆ. ಪಿಸ್ಟನ್ ಒಳಗೇ ಕಾಯಿಲ್. ಕರೆಂಟು ಹರಿದಾಗ ಪುಡಿಯ ಕಣಗಳು ಕಾಂತದ ಗೆರೆಗುಂಟ ಸಾಲುಗಟ್ಟುತ್ತವೆ, ಎಣ್ಣೆ ಆ ಕಿಂಡಿಯಲ್ಲಿ ಬೆಣ್ಣೆಯ ಹಾಗೆ ಗಟ್ಟಿಯಾಗುತ್ತದೆ. ಕರೆಂಟು ನಿಂತರೆ ಮತ್ತೆ ನೀರಾಗುತ್ತದೆ. ಇದೆಲ್ಲ ಕೆಲವೇ ಮಿಲಿಸೆಕೆಂಡುಗಳಲ್ಲಿ. ಒಳಗೆ ಚಲಿಸುವ ವಾಲ್ವೇ ಇಲ್ಲ.

ಇದರಿಂದ ಎರಡು ಪರಿಣಾಮ. ಒಂದು, ಕರೆಂಟು ಇಲ್ಲದಾಗ ಶಾಕ್ ತನ್ನ ಅತಿ ಮೆತ್ತಗಿನ ಸ್ಥಿತಿಗೆ ಹೋಗುತ್ತದೆ. ದೋಷ ಕಂಡ ಮಾಡ್ಯೂಲ್ ಕೈಬಿಟ್ಟಾಗ ಕಾರು ದೋಣಿಯಾಗುವುದು ಇದಕ್ಕೇ. ನೀವು ಹೇಳಿದ ತೂಗಾಟದ ದೊಡ್ಡ ಪಾಲು ಸೋರಿಕೆಯದ್ದಲ್ಲ, ಸೆನ್ಸರ್ ಸರಿಮಾಡಿದರೆ ಹೋಗಬಹುದು. ಎರಡು, ಕಬ್ಬಿಣದ ಪುಡಿ ಅಂದರೆ ಉಜ್ಜುಪುಡಿಯೇ. ರಾಡ್ ಮತ್ತು ಸೀಲ್ ನಡುವೆ ಸಿಕ್ಕರೆ ಸೀಲನ್ನು ತಿನ್ನುತ್ತದೆ. ಅದಕ್ಕೇ ಈ ಶಾಕ್‌ಗಳ ಸೋರಿಕೆ ಕಪ್ಪಗೆ, ಬೂದುಕಪ್ಪಗೆ ಇರುತ್ತದೆ. ಒಮ್ಮೆ ಸೋರಲು ಶುರುವಾದರೆ ನಿಲ್ಲುವುದಿಲ್ಲ. ಹಿಂದಿನ ಎಡದ್ದಕ್ಕೆ ರಜೆ ಕೊಡಲೇಬೇಕು.

ಸಾದಾ ಶಾಕ್ ಹಾಕಿದರೆ ಮಾಡ್ಯೂಲ್ ನಾಲ್ಕೂ ಕಾಯಿಲ್ ಕಾಣೆಯಾಗಿವೆ ಎಂದು ಬೊಬ್ಬೆ ಹೊಡೆಯುತ್ತದೆ. ಪ್ರತಿ ಸಲ ಕಾರು ಶುರು ಮಾಡಿದಾಗಲೂ ಅದೇ ಮೆಸೇಜುಗಳು, ಪ್ರತಿ ಸಲ ರೀಸೆಟ್. ಅದನ್ನು ಸುಮ್ಮನಾಗಿಸಲು ಕನೆಕ್ಟರ್‌ಗೆ ರೆಸಿಸ್ಟರ್ ಸಿಕ್ಕಿಸುತ್ತಾರೆ. ಇಲ್ಲಿ ಕಾಲು ವಾಟ್‌ನ ರೆಸಿಸ್ಟರ್ ಹಾಕಿ ಪ್ಲಾಸ್ಟಿಕ್ ಸುಟ್ಟುಕೊಳ್ಳಬೇಡಿ. 2 ಓಮ್ ರೆಸಿಸ್ಟರ್‌ನಲ್ಲಿ 5 ಆಂಪಿಯರ್ ಹರಿದರೆ 5 ಗುಣಿಸು 5 ಗುಣಿಸು 2, ಅಂದರೆ 50 ವಾಟ್ ಶಾಖ. ಒಂದು ಸಣ್ಣ ಸೋಲ್ಡರಿಂಗ್ ಐರನ್‌ನಷ್ಟು ಬಿಸಿ! ಅಲ್ಯೂಮಿನಿಯಂ ಕವಚದ, ಬೋಲ್ಟ್ ಹಾಕಿ ಕೂರಿಸುವಂಥ ರೆಸಿಸ್ಟರ್ ಬೇಕು. ಲೋಹದ ಚೌಕಟ್ಟಿಗೆ ಒತ್ತಿ ಕೂರಿಸಬೇಕು, ವೈರಿಂಗ್ ಮತ್ತು ಫೈಬರ್‌ಗ್ಲಾಸ್ ಬಾಡಿಯಿಂದ ದೂರ. ಮೌಲ್ಯ ನಿಮ್ಮ ಒಳ್ಳೆಯ ಶಾಕ್ ಅಳೆದಾಗ ಬಂದದ್ದಕ್ಕೆ ಹೊಂದಲಿ.

ಘಟ್ಟದತಿರುವು

ರೆಸಿಸ್ಟರ್ ಹಾಕಿದರೂ ಎತ್ತರದ ಸೆನ್ಸರ್ ನಾಲ್ಕೂ ಜೀವಂತ ಇರಬೇಕು, ಅದು ಸರಿ. ಹಾಗಾಗಿ ಸೆನ್ಸರ್ ರಿಪೇರಿ ಎರಡು ದಾರಿಯಲ್ಲೂ ತಪ್ಪುವುದಿಲ್ಲ. ಒಪ್ಪಿದೆ.

ಆದರೆ ಮೆಸೇಜ್ ಬಂದರೆ ಬರಲಿ ಅನ್ನುವವರೂ ಇದ್ದಾರೆ. ಟ್ರ್ಯಾಕ್‌ಗೆ ಹೋಗುವವರಿಗೆ ಸಾದಾ ಗಟ್ಟಿ ಶಾಕೇ ಬೇಕು. ಝಡ್06ಗೆ ಕಂಪನಿಯೇ ಇದನ್ನು ಹಾಕಲಿಲ್ಲ ನೋಡಿ.

ಪಾನಾಪೆಟ್ಟಿ

ಝಡ್06 ಶಾಕ್ ಬಗ್ಗೆ ಒಂದು ಮಾತು. ಅದರ ಒಳಗಿನ ವಾಲ್ವ್ ಹೊಂದಿಸಿರುವುದು ಝಡ್06ನ ಗಟ್ಟಿ ಸ್ಪ್ರಿಂಗ್‌ಗೆ. ಮೆತ್ತಗಿನ ಸ್ಪ್ರಿಂಗ್ ಇರುವ ಕೂಪೆಗೆ ಹಾಕಿದರೆ ಕೂರುತ್ತೆ, ಓಡುತ್ತೆ, ಆದರೆ ರಸ್ತೆಯ ಸಣ್ಣ ಸಣ್ಣ ಜೋಡುಗಳ ಮೇಲೆ ಕುಟ್ಟುತ್ತೆ. ದಿನಾ ಆಫೀಸಿಗೆ ಓಡಿಸುವ ಕಾರಿಗೆ ನಾನಂತೂ ಹೇಳಲ್ಲ. 50ನೇ ವಾರ್ಷಿಕೋತ್ಸವದ ಕಾರಿಗೆ ಎಫ್55 ಕಂಪನಿಯಿಂದಲೇ ಬಂದದ್ದು. ಅದನ್ನು ಕಿತ್ತ ಕಾರನ್ನು ಮುಂದೆ ಮಾರುವಾಗ ಕೊಳ್ಳುವವರು ಕೇಳೇ ಕೇಳ್ತಾರೆ.

ಬಿಳಿಕೂಪೆ_2001

ನಡುವೆ ಬಾಯಿ ಹಾಕುತ್ತಿದ್ದೇನೆ. 2001ರ ಕಾರಿನಲ್ಲಿ ನಾಬ್‌ಗೆ ಟೂರ್, ಸ್ಪೋರ್ಟ್, ಪರ್ಫ್ ಅಂತ ಮೂರು ಸ್ಥಾನ ಇವೆ. ಇದಕ್ಕೂ ಇದೇ ಶಾಕ್ ಆಗುತ್ತದೆಯೇ? ಎಫ್55 ಒಂದು ಸೆಟ್ ಹಳೆಯದು ಸಿಗುತ್ತಿದೆ.

ಅರ್ಧಓಮ್

ಬೇಡ. ನಿಮ್ಮದು ಎಫ್45, ಅದು ಬೇರೆ ಜಾತಿ. ಅದರಲ್ಲಿ ಮಾಮೂಲಿ ಶಾಕ್ ಎಣ್ಣೆ, ಅದರ ದಾರಿಯನ್ನು ಹಿಗ್ಗಿಸಿ ಕುಗ್ಗಿಸುವ ಸಾಲಿನಾಯ್ಡ್ (ಕರೆಂಟಿನಿಂದ ಚಲಿಸುವ) ವಾಲ್ವ್. 2002ರ ತನಕ ಎಫ್45, 2003 ಮತ್ತು 2004ರಲ್ಲಿ ಎಫ್55. ಬೋಲ್ಟ್ ರಂಧ್ರ ಕೂರುತ್ತದೆ ಎಂದು ಎಫ್55 ಹಾಕಿದರೆ ಎಫ್45 ಮಾಡ್ಯೂಲ್‌ಗೆ ಅದನ್ನು ನಡೆಸಲು ಬರುವುದಿಲ್ಲ. ಗ್ಲೋವ್ ಬಾಕ್ಸ್‌ನ ಸ್ಟಿಕ್ಕರ್‌ನಲ್ಲಿ ಮೂರು ಅಕ್ಷರದ ಕೋಡ್‌ಗಳ ಪಟ್ಟಿ ಇರುತ್ತದೆ, ಎಫ್45 ಅಥವಾ ಎಫ್55 ಅಲ್ಲೇ ಬರೆದಿರುತ್ತದೆ. ಹಿಂದಿನ ಮಾಲೀಕರು ಏನು ಹೇಳಿದರು ಅನ್ನುವುದಕ್ಕಿಂತ ಅದನ್ನು ನಂಬಿ.

ಇನ್ನೊಂದು, ‘ಹಳೇ ಸ್ಟಾಕ್, ಡಬ್ಬಿಯಲ್ಲೇ ಇದೆ’ ಎಂದು ಮಾರುವ ಎಫ್45 ಶಾಕ್‌ಗಳ ಬಗ್ಗೆ ಎಚ್ಚರ. ಓಡದಿದ್ದರೂ ರಬ್ಬರ್ ಸೀಲ್‌ಗೆ ವಯಸ್ಸಾಗುತ್ತದೆ. ಕೊಳ್ಳುವ ಮುನ್ನ ರಾಡ್ ಪೂರ್ತಿ ಒಳಗೊತ್ತಿ ಬಿಡಿ. ಗ್ಯಾಸ್ ಇದ್ದರೆ ತಾನೇ ನಿಧಾನಕ್ಕೆ ಹೊರಗೆ ಬರಬೇಕು. ಒತ್ತಿದಲ್ಲೇ ಕೂತರೆ ಹಿಂದಿರುಗಿಸಿ.

ಕಮಾನುಪಟ್ಟಿ

ಬಿಚ್ಚೋದು ಹೆಂಗ ಅಂತ ಯಾರೂ ಹೇಳವಲ್ರಲ್ರೀ. ನಾ ಹೇಳ್ತೀನಿ. ಸಿ5 ಒಳಗ ಇದು ಭಾಳ ಸರಳ ಐತಿ, ಯಾಕಂದ್ರ ಶಾಕ್ ಮ್ಯಾಲೆ ಸ್ಪ್ರಿಂಗ್ ಇಲ್ಲ. ಸ್ಪ್ರಿಂಗ್ ಅಂದ್ರ ಅಡ್ಡಕ್ಕ ಮಲಗಿಸಿದ ಫೈಬರ್ ಕಮಾನು ಪಟ್ಟಿ, ಮುಂದ ಒಂದು, ಹಿಂದ ಒಂದು. ಸ್ಪ್ರಿಂಗ್ ಒತ್ತೋ ಕ್ಲಾಂಪ್ ಬೇಕಾಗಿಲ್ಲ, ಆ ಅಪಾಯನೂ ಇಲ್ಲ.

ಆದ್ರ ಪಟ್ಟಿ ಮರೀಬ್ಯಾಡ್ರಿ. ಕಾರ್ ಎತ್ತಿ ಶಾಕ್ ಬಿಚ್ಚಿದ ಕೂಡಲೇ ಪಟ್ಟಿ ಲೋವರ್ ಆರ್ಮ್‌ನ ಕೆಳಗ ತಳ್ಳತೈತಿ. ಅಲ್ಲೀತನಕ ಅದನ್ನ ತಡದು ಹಿಡಿದಿದ್ದು ಶಾಕೇ. ಅದಕ್ಕ ಎರಡನೇ ಜಾಕ್ ಆರ್ಮ್ ಕೆಳಗ ಇಟ್ಟು ಸ್ವಲ್ಪ ಎತ್ತಿ ಹಿಡಿದೇ ಬೋಲ್ಟ್ ಬಿಚ್ರಿ. ಇಲ್ಲಂದ್ರ ಎಬಿಎಸ್ ವೈರು, ಬ್ರೇಕ್ ಹೋಸು ಜಗ್ಗತಾವು.

ಎತ್ತೋದು: ಪಕ್ಕದ ಚಾಸಿ ಹಳಿ ಒಳಗ ನಾಲ್ಕು ಉದ್ದನೆ ಕಿಂಡಿ ಅದಾವ, ಅದಕ್ಕ ಸಿಕ್ಕಿಸೋ ರಬ್ಬರ್ ಪಕ್ (ದಪ್ಪ ಬಿಲ್ಲಿ) ಬರತೈತಿ. ಅದರ ಮ್ಯಾಲೇ ಎತ್ರಿ, ಕಮಾನು ಪಟ್ಟಿ ನಡುವ ಜಾಕ್ ಕೊಟ್ರ ಪಟ್ಟಿ ಸೀಳತೈತಿ. ಕಾರ್ ತಗ್ಗ ಇರೋದ್ರಿಂದ ಮೊದಲು ಎರಡು ಇಂಚಿನ ಹಲಗಿ ಮ್ಯಾಲೆ ಹತ್ತಿಸಿಕೊಂಡ್ರ ಜಾಕ್ ಒಳಗ ಹೋಗತೈತಿ. ಆಮ್ಯಾಲೆ ಸ್ಟ್ಯಾಂಡ್ ಇಡ್ರಿ. ಬರೇ ಜಾಕ್ ನಂಬಿ ಕೆಳಗ ಕೈ ಹಾಕಬ್ಯಾಡ್ರಿ.

ಮುಂದಿನ ಶಾಕ್: ಬಾನೆಟ್ ತೆಗೆದ್ರ ತಲಿ ಕಾಣತೈತಿ. ಮೊದಲು ಕರೆಂಟಿನ ಕನೆಕ್ಟರ್ ತೆಗೀರಿ. ಮ್ಯಾಲಿನ ನಟ್ಟು ಬಿಚ್ಚುವಾಗ ರಾಡ್ ತಿರುಗದಂಗ ಇನ್ನೊಂದು ಪಾನಾದಿಂದ ಹಿಡೀರಿ. ಇಂಪ್ಯಾಕ್ಟ್ ಗನ್ ಇಲ್ಲಿ ಖಂಡಿತ ಬ್ಯಾಡ. ಎಫ್55ದಾಗ ಕಾಯಿಲ್ ವೈರು ಪೊಳ್ಳು ರಾಡ್ ಒಳಗಿಂದನೇ ಮ್ಯಾಲೆ ಬರತೈತಿ. ಗನ್ ಹೊಡೆದು ರಾಡ್ ಗಿರ್ರ ಅಂತ ತಿರುಗಿಸಿದ್ರ ಹೊಸಾ ಶಾಕ್ ಅಲ್ಲೇ ಸತ್ತು ಹೋಗತೈತಿ. ಕೆಳಗ ಲೋವರ್ ಆರ್ಮ್‌ಗೆ ಎರಡು ಬೋಲ್ಟು, 13ರ ಪಾನಾ.

ಹಿಂದಿನ ಶಾಕ್: ಮ್ಯಾಲೆ ಎರಡು ಬೋಲ್ಟು, ಚಕ್ರದ ಗೂಡಿನ ಒಳಗ, ಉದ್ದನೆ ಎಕ್ಸ್‌ಟೆನ್ಷನ್ ಬೇಕು. ಕೆಳಗ ಒಂದೇ ದಪ್ಪ ಬೋಲ್ಟು, ಅದು ಬಿಗಿ ಅಂದ್ರ ಬಿಗಿ. ಉಪ್ಪಿನ ಊರಿನ ಕಾರಿದ್ರ ಹಿಂದಿನ ದಿನಾನೇ ತುಕ್ಕು ಬಿಡಿಸೋ ಎಣ್ಣಿ ಹೊಡೆದಿಡ್ರಿ, ಮರುದಿನ ಮುಂಜಾನೆ ಇನ್ನೊಮ್ಮೆ.

ಬಿಗಿಸೋ ಲೆಕ್ಕ, ಬರಕೋರಿ. ಮುಂದ ಮ್ಯಾಲಿನ ನಟ್ಟು 26 ನ್ಯೂಟನ್ ಮೀಟರ್. ಮುಂದ ಕೆಳಗಿನ ಎರಡು ಬೋಲ್ಟು 28. ಹಿಂದ ಮ್ಯಾಲಿನ ಎರಡೂ 28ರ ಆಜೂಬಾಜು. ಹಿಂದ ಕೆಳಗಿನ ದಪ್ಪ ಬೋಲ್ಟು 220. ಚಕ್ರದ ನಟ್ಟು 140. ಮುಂದಿನ 26ಕ್ಕೂ ಹಿಂದಿನ 220ಕ್ಕೂ ಎಷ್ಟು ಅಂತರ ಐತಿ ನೋಡ್ರಿ. ಅಂದಾಜಿನ ಮ್ಯಾಲೆ ಬಿಗಿಸೋರು ಮುಂದಿನದನ್ನ ಹರೀತಾರ, ಹಿಂದಿನದನ್ನ ಸಡಿಲ ಬಿಡ್ತಾರ.

ಹಿಂದಿನ ಕೆಳಗಿನ ಬೋಲ್ಟ್ ಕಡೀಕ ಬಿಗಿಸೋ ಮೊದಲು ಜಾಕ್‌ನಿಂದ ಆರ್ಮ್ ಎತ್ತಿ, ಚಕ್ರ ನೆಲದ ಮ್ಯಾಲಿದ್ದಾಗ ಎಷ್ಟು ಎತ್ತರ ಇರತೈತೋ ಅಷ್ಟಕ್ಕ ತರ್ರಿ. ಜೋತು ಬಿದ್ದಾಗ ಬಿಗಿಸಿದ್ರ ರಬ್ಬರ್ ಬುಷ್ ಕಾಯಂ ತಿರುಚಿಕೊಂಡೇ ಇರತೈತಿ, ಬೇಗ ಹರೀತೈತಿ.

ಪಾನಾಪೆಟ್ಟಿ

ಕಮಾನುಪಟ್ಟಿಯವರು ಹೇಳಿದ್ದರಲ್ಲಿ ತೆಗೆಯುವಂಥದ್ದೇನಿಲ್ಲ. ಎರಡು ಸೇರಿಸುತ್ತೇನೆ. ಹೊಸ ಶಾಕ್ ರಾಡನ್ನು ಒಳಗೊತ್ತಿ ಪ್ಯಾಕಿಂಗ್ ಪಟ್ಟಿ ಕಟ್ಟಿ ಕಳಿಸಿರುತ್ತಾರೆ. ಶಾಕ್ ಜಾಗಕ್ಕೆ ಕೂತ ಮೇಲೆ ಆ ಪ್ಯಾಕಿಂಗ್ ಪಟ್ಟಿ ಕತ್ತರಿಸಿ, ಮೊದಲೇ ಕತ್ತರಿಸಿದರೆ ಇಕ್ಕಟ್ಟಿನಲ್ಲಿ ಮತ್ತೆ ಒತ್ತುವ ಕಷ್ಟ ನಿಮ್ಮದು. ಎರಡನೆಯದು, ಸಿ5ನಲ್ಲಿ ಶಾಕ್ ಬದಲಿಸಿದರೆ ವೀಲ್ ಅಲೈನ್‌ಮೆಂಟ್ ಕೆಡುವುದಿಲ್ಲ. ಮೇಲಿನ ಕೆಳಗಿನ ಆರ್ಮ್ ಯಾವುದನ್ನೂ ಮುಟ್ಟಿಲ್ಲವಲ್ಲ. ಬಿಲ್‌ನಲ್ಲಿ ಅಲೈನ್‌ಮೆಂಟ್ ಸೇರಿಸಿದ್ದರೆ ಯಾಕೆ ಅಂತ ಕೇಳಿ.

ಜೆಸಿರೋಡ್_ಟಿಟಿ

ಬೆಂಗಳೂರಿನಿಂದ. ಇಲ್ಲಿ ಕಾರ್ವೆಟ್ ಇಲ್ಲ, ಆದರೆ ಆಡಿ ಟಿಟಿ ಎರಡನೇ ತಲೆಮಾರಿನದ್ದು, ಮ್ಯಾಗ್ನೆಟಿಕ್ ರೈಡ್ ಇರುವುದು. ಮುಂದಿನ ಬಲ ಶಾಕ್ ಸೋರುತ್ತಿದೆ. ಮೇಲೆ ಹೇಳಿದ್ದೆಲ್ಲ ಇದಕ್ಕೂ ಅನ್ವಯಿಸುತ್ತದೆಯೇ? ನಮ್ಮ ರೋಡ್ ಹಂಪ್‌ಗಳ ಕಥೆ ನಿಮಗೆ ಗೊತ್ತೇ ಇದೆ.

ಅರ್ಧಓಮ್

ಶಾಕ್ ಒಳಗಿನ ವಿಜ್ಞಾನ ಅದೇ, ಅದೂ ಕಬ್ಬಿಣದ ಪುಡಿಯ ಎಣ್ಣೆಯೇ. ಓಮ್ ಅಳೆಯುವುದು, ಕನೆಕ್ಟರ್ ನೋಡುವುದು, ಸೋರಿಕೆಗೆ ಕೋಡ್ ಬರುವುದಿಲ್ಲ ಎನ್ನುವುದು ಎಲ್ಲ ಅನ್ವಯಿಸುತ್ತದೆ. ಬಿಚ್ಚುವ ಕೆಲಸ ಮಾತ್ರ ಪೂರ್ತಿ ಬೇರೆ.

ಟಿಟಿಯ ಮುಂಭಾಗ ಮ್ಯಾಕ್‌ಫರ್ಸನ್ ಸ್ಟ್ರಟ್. ಶಾಕ್ ಮೇಲೇ ಕಾಯಿಲ್ ಸ್ಪ್ರಿಂಗ್ ಕೂತಿರುತ್ತದೆ. ಸ್ಟ್ರಟ್ ಪೂರ್ತಿ ಇಳಿಸಿ, ಸ್ಪ್ರಿಂಗ್ ಕಂಪ್ರೆಸರ್‌ನಲ್ಲಿ ಒತ್ತಿ ಹಿಡಿದ ಮೇಲಷ್ಟೇ ಮೇಲಿನ ನಟ್ಟಿಗೆ ಕೈ ಹಾಕಬೇಕು. ಸ್ಪ್ರಿಂಗ್ ಎರಡೂ ಸೀಟಿನಿಂದ ಸಡಿಲವಾಗಿದೆಯೆಂದು ಕೈಯಿಂದ ತಿರುಗಿಸಿ ಖಾತ್ರಿ ಮಾಡಿಕೊಳ್ಳಿ. ಸ್ಪ್ರಿಂಗ್ ಹಾರಿದರೆ ದವಡೆ ಒಡೆಯುತ್ತದೆ.

ಕೆಳಗೆ ಸ್ಟ್ರಟ್ ಕೂತಿರುವುದು ಸೀಳಿರುವ ಹಿಡಿಕೆಯೊಂದರಲ್ಲಿ. ಬೋಲ್ಟ್ ತೆಗೆದ ಮಾತ್ರಕ್ಕೆ ಅದು ಬಿಡುವುದಿಲ್ಲ. ಸೀಳಿನೊಳಗೆ ಚಪ್ಪಟೆ ಬಾಯಿಯ ಹಿಗ್ಗಿಸುವ ಬಿಟ್ ತೂರಿಸಿ 90 ಡಿಗ್ರಿ ತಿರುಗಿಸಬೇಕು, ಆಗ ಸೀಳು ತುಸು ಅಗಲವಾಗಿ ಸ್ಟ್ರಟ್ ಜಾರುತ್ತದೆ. ಆ ಬಿಟ್ ಇಲ್ಲದೆ ಸುತ್ತಿಗೆಯಲ್ಲಿ ಬಡಿಯುವ ಗ್ಯಾರೇಜಿದ್ದರೆ ಕಾರು ವಾಪಸ್ ತನ್ನಿ. ಹಳೆಯ ಬೋಲ್ಟ್ ನಟ್ಟುಗಳನ್ನು ಮತ್ತೆ ಹಾಕಿಸಬೇಡಿ, ಹೊಸದೇ ಬೇಕು. ಮೇಲಿನ ಮೌಂಟ್ ರಬ್ಬರ್, ಬೇರಿಂಗ್, ಬಂಪ್ ಸ್ಟಾಪ್, ಧೂಳಿನ ಕವಚ ಒಟ್ಟಿಗೇ ಬದಲಿಸಿ. ಮುಂದೊಂದು ದಿನ ಬೇರಿಂಗ್ ಕಟಕಟ ಅಂದರೆ ಇಷ್ಟೂ ಕೂಲಿ ಮತ್ತೆ ಕೊಡಬೇಕಾಗುತ್ತದೆ. ಮುಗಿದ ಮೇಲೆ ಅಲೈನ್‌ಮೆಂಟ್ ಮಾಡಿಸಿ, ಎತ್ತರದ ಸೆನ್ಸರ್‌ಗಳ ಬೇಸಿಕ್ ಸೆಟ್ಟಿಂಗನ್ನು ಡಯಾಗ್ನೋಸ್ಟಿಕ್ ಟೂಲ್‌ನಲ್ಲಿ ಹೊಸದಾಗಿ ಬರೆಸಿ.

ಹಂಪ್ ಬಗ್ಗೆ: ಕವಚ ಹರಿದಿದೆಯೇ ನೋಡಿ. ಹಳೇ ಸೀಲ್ ಕೆಡಲು ಅದೇ ಕಾರಣವಾಗಿರಬಹುದು. ಹರಿದ ಕವಚದೊಳಗೆ ಮಣ್ಣು ಕೂತು, ರಾಡ್‌ಗೆ ಅಂಟಿ, ಪ್ರತಿ ಹಂಪ್‌ಗೂ ಸೀಲನ್ನು ಕೆರೆಯುತ್ತದೆ.

ಘಟ್ಟದತಿರುವು

ಸೋರುವ ಶಾಕಿಗೆ ಎಣ್ಣೆ ತುಂಬಿಸಿ ಕೊಡ್ತೇವೆ ಅಂತ ಹೇಳುವವರು ಇದ್ದಾರಲ್ಲ, ಅವರ ಹತ್ತಿರ ಮ್ಯಾಗ್ನೆಟಿಕ್ ಶಾಕ್ ಕೊಡಬೇಡಿ ಆಯ್ತಾ. ಬೈಕಿನ ಫೋರ್ಕ್ ಎಣ್ಣೆ ತುಂಬಿಸಿ ಕಳಿಸಿಯಾರು. ಅದರಲ್ಲಿ ಕಬ್ಬಿಣದ ಪುಡಿ ಎಲ್ಲಿದೆ? ಕಾಯಿಲ್ ಎಷ್ಟು ಒದ್ದಾಡಿದರೂ ಎಣ್ಣೆ ಗಟ್ಟಿ ಆಗುವುದಿಲ್ಲ, ಕೋಡೂ ಬರುವುದಿಲ್ಲ.

ಅರ್ಧಓಮ್

ಇದು ಮುಖ್ಯವಾದ ಮಾತು. ಮ್ಯಾಗ್ನೆಟಿಕ್ ಶಾಕ್ ರೀಬಿಲ್ಡ್ ಮಾಡುವವರನ್ನು ಮೂರು ಕೇಳಿ: ಯಾವ ಎಣ್ಣೆ ತುಂಬುತ್ತೀರಿ? ಗ್ಯಾಸ್ ಎಷ್ಟು ಒತ್ತಡಕ್ಕೆ? ಮುಗಿದ ಮೇಲೆ ಕರೆಂಟು ಕೊಟ್ಟು ಮತ್ತು ಕೊಡದೆ, ಎರಡೂ ರೀತಿಯಲ್ಲಿ ಡೈನೋ (ಶಾಕ್‌ನ ಗಟ್ಟಿತನ ಅಳೆಯುವ ಯಂತ್ರ) ಅಳತೆಯ ಪಟ್ಟಿ ಕೊಡುತ್ತೀರಾ? ಮೂರನೆಯದಕ್ಕೆ ‘ಹೌದು’ ಬರದಿದ್ದರೆ ಹಣ ಕೊಡಬೇಡಿ. ರಾಡ್ ಮೇಲೆ ಉಗುರಿಗೆ ಸಿಗುವ ಗೀರು ಇದ್ದರೂ ರೀಬಿಲ್ಡ್ ವ್ಯರ್ಥ, ಹೊಸ ಸೀಲನ್ನು ಅದೇ ಗೀರು ಮತ್ತೆ ಕೊಯ್ಯುತ್ತದೆ. ಕಾಯಿಲ್ ಒಳಗೇ ಕಡಿದಿದ್ದರೆ ರೀಬಿಲ್ಡ್ ಮಾತೇ ಇಲ್ಲ.

ಉಪ್ಪುರಸ್ತೆ_ಮಿಶಿಗನ್

ಅಳತೆಗಳು ಬಂದವು. ಮೀಟರ್ ವೈರಿನದ್ದು ಕಳೆದ ಮೇಲೆ ನಾಲ್ಕೂ ಕಾಯಿಲ್ ಒಂದಕ್ಕೊಂದು 0.1 ಓಮ್ ಒಳಗೇ ಇವೆ. ಶಾಕ್‌ನ ಮೈಗೆ ಏನೂ ಹರಿಯುತ್ತಿಲ್ಲ. ಮುಂದಿನ ಬಲ ಕನೆಕ್ಟರ್‌ನ ಒಂದು ಪಿನ್ ಹಸಿರುಗಟ್ಟಿದೆ. ಸೆನ್ಸರ್‌ಗೆ 5 ವೋಲ್ಟ್ ಬರುತ್ತಿದೆ, ಸಿಗ್ನಲ್ ಸರಾಗವಾಗಿ ಏರಿ ನಡುವೆ ಒಂದು ಕಡೆ ಮಾತ್ರ ಸೊನ್ನೆಗೆ ಬೀಳುತ್ತದೆ. ಕಡ್ಡಿಯ ಕೆಳಗಿನ ಕೀಲು ಸೀಳಿದೆ, ಇನ್ನೂ ಬಿದ್ದಿಲ್ಲ.

ಅರ್ಧಓಮ್

ಹಾಗಾದರೆ ಪಟ್ಟಿ ಇಷ್ಟೇ: ಮುಂದಿನ ಬಲ ಸೆನ್ಸರ್ ಒಂದು, ಕಡ್ಡಿ ಒಂದು, ಹಿಂದಿನ ಶಾಕ್ ಎರಡು. ಮುಂದಿನ ಶಾಕ್‌ಗಳು ಒಣಗಿದ್ದರೆ ಅವಕ್ಕೆ ಕೈ ಹಚ್ಚಬೇಡಿ.

ಹಿಂದಿನದು ಎರಡೂ ಯಾಕೆಂದರೆ, 71,000 ಮೈಲಿ ತೇದ ಶಾಕ್ ಪಕ್ಕ ಹೊಸದು ಕೂತರೆ ಒಂದೇ ಕರೆಂಟಿಗೆ ಎರಡೂ ಬೇರೆ ಬೇರೆ ಗಟ್ಟಿತನ ತೋರಿಸುತ್ತವೆ. ಮಾಡ್ಯೂಲ್‌ಗೆ ಇದು ತಿಳಿಯುವುದಿಲ್ಲ, ತಿರುವಿನಲ್ಲಿ ನಿಮಗೆ ತಿಳಿಯುತ್ತದೆ. ಎಡಕ್ಕೆ ತಿರುಗಿದಾಗ ಒಂದು ಥರ, ಬಲಕ್ಕೆ ಇನ್ನೊಂದು ಥರ. ಒಂದೇ ಅಚ್ಚಿನ ಮೇಲೆ ಜೋಡಿಯಾಗಿ ಬದಲಿಸಿ, ಮುಂದೆ ಹಿಂದೆ ಬೇರೆಯಿದ್ದರೆ ನಡೆಯುತ್ತದೆ.

ಕನೆಕ್ಟರ್‌ಗೆ ಎಲೆಕ್ಟ್ರಿಕಲ್ ಕಾಂಟ್ಯಾಕ್ಟ್ ಕ್ಲೀನರ್ ಮತ್ತು ನೈಲಾನ್ ಬ್ರಷ್. ಮರಳು ಕಾಗದ ಬೇಡ, ಪಿನ್ ಲೇಪನ ಹೋದರೆ ಕಿಲುಬು ಎರಡು ಪಟ್ಟು ಬೇಗ ವಾಪಸ್ ಬರುತ್ತದೆ. ಪಿನ್ ಸವೆದು ಸಣ್ಣಗಾಗಿದ್ದರೆ ಕನೆಕ್ಟರ್ ತುದಿ ಬದಲಿಸಿ. ಕೊನೆಗೆ ಡೈಎಲೆಕ್ಟ್ರಿಕ್ ಗ್ರೀಸನ್ನು ರಬ್ಬರ್ ಸೀಲಿನ ಸುತ್ತ ತೆಳ್ಳಗೆ ಸವರಿ, ಗೂಡು ತುಂಬಿಸಬೇಡಿ.

ಹೊಸ ಕಡ್ಡಿ ಕೀಲಿನ ನಡುವಿನಿಂದ ಕೀಲಿನ ನಡುವಿಗೆ ಹಳೆಯದರಷ್ಟೇ ಉದ್ದ ಇರಬೇಕು. ಉದ್ದ ಹೆಚ್ಚು ಕಡಿಮೆಯಾದರೆ ಆ ಮೂಲೆ ಯಾವಾಗಲೂ ಕುಳಿತಿದೆ ಅಥವಾ ಎದ್ದಿದೆ ಎಂದು ಮಾಡ್ಯೂಲ್ ಓದುತ್ತದೆ.

ಪಾನಾಪೆಟ್ಟಿ

ಕೆಲಸದ ಕ್ರಮ ಹೀಗಿಟ್ಟುಕೊಳ್ಳಿ ಸರ್. ಮೊದಲು ಸೆನ್ಸರ್, ಕಡ್ಡಿ, ಕನೆಕ್ಟರ್ ಮಾತ್ರ. ಆಮೇಲೆ ಕೋಡ್ ಪರದೆಗೆ ಮತ್ತೆ ಹೋಗಿ. ಕೋಡ್‌ಗಳು ತಾವೇ ಓಡುತ್ತಿರುವಾಗ ಇ/ಎಂ (ಮೈಲಿ-ಕಿಲೋಮೀಟರ್ ಬದಲಿಸುವ ಬಟನ್) ಬಿಟ್ಟು ಯಾವುದಾದರೂ ಬಟನ್ ಒತ್ತಿದರೆ ಕೈಯಿಂದ ನೋಡುವ ಕ್ರಮಕ್ಕೆ ಬರುತ್ತೆ. 38-ಆರ್‌ಟಿಡಿಗೆ ಬಂದು ರೀಸೆಟ್ ಒತ್ತಿ ಹಿಡಿಯಿರಿ, ಅಳಿಸುತ್ತೆ. ಇ/ಎಂ ಒತ್ತಿದರೆ ಹೊರಗೆ. 20 ಮೈಲಿ ಓಡಿಸಿ, ಕೆಟ್ಟ ರಸ್ತೆಯೂ ಇರಲಿ, ಮತ್ತೆ ಓದಿ. ಎಚ್ ಕೂಡ ಬರದಿದ್ದರೆ ಎಲೆಕ್ಟ್ರಿಕಲ್ ಕಾಯಿಲೆ ವಾಸಿ.

ಹಿಂದಿನ ಶಾಕ್ ಜೋಡಿ ಅದಾದ ಮೇಲೆ. ಎರಡನ್ನೂ ಒಂದೇ ದಿನ ಮಾಡಿ ಆಮೇಲೆ ಮೆಸೇಜ್ ಬಂದರೆ ಹಳೇ ದೋಷವೋ ಹೊಸ ಕೆಲಸದಲ್ಲಿ ಆದ ತಪ್ಪೋ ಅಂತ ತಲೆ ಕೆರೆದುಕೊಳ್ಳಬೇಕಾಗುತ್ತೆ. ಶಾಕ್ ಬರುವ ತನಕ ನಿಧಾನಕ್ಕೆ ಓಡಿಸಿ. ಹಿಂದಿನ ಎಡ ಟೈರನ್ನು ಅಂಗೈಯಿಂದ ಸುತ್ತ ಸವರಿ ನೋಡಿ. ಅಲೆ ಅಲೆಯಾಗಿ ಗುಳಿ ಬಿದ್ದಿದ್ದರೆ ಹೊಸ ಶಾಕ್ ಹಾಕಿದ ಮೇಲೂ ಗುಂಯ್ ಅಂತ ಸದ್ದು ಬರುತ್ತಲೇ ಇರುತ್ತೆ, ಅದು ಟೈರಿಂದು.

ಕಮಾನುಪಟ್ಟಿ

ತೆಗೆದ ಹಳೇ ಶಾಕ್ ಕುಲುಮಿ ಬೆಂಕಿಗಿ ಹಾಕಬ್ಯಾಡ್ರಿ, ಡ್ರಿಲ್ಲೂ ಹೊಡೀಬ್ಯಾಡ್ರಿ. ಒಳಗ ಇನ್ನೂ ಗ್ಯಾಸ್ ಇರತೈತಿ, ಎಣ್ಣಿ ಹೋಗಿದ್ರೂ ಗ್ಯಾಸ್ ಹೋಗಿರಂಗಿಲ್ಲ. ಗುಜರಿಯವಗ ಕೊಡುವಾಗ ‘ಗ್ಯಾಸ್ ಐತಿ’ ಅಂತ ಮೈ ಮ್ಯಾಲೆ ಬರೆದು ಕೊಡ್ರಿ. ಕಪ್ಪು ಎಣ್ಣಿ ಗ್ಯಾರೇಜ್ ನೆಲಕ್ಕ ಬಿದ್ರ ಕಟ್ಟಿಗಿ ಪುಡಿ ಹಾಕಿ ಬಳೀರಿ. ಚೂರುಪಾರು ಉಳಿದಿದ್ರ ಸ್ಪೀಕರಿನ ಹಳೇ ಮ್ಯಾಗ್ನೆಟ್‌ಗೆ ಪ್ಲಾಸ್ಟಿಕ್ ಚೀಲ ಸುತ್ತಿ ನೆಲದ ಮ್ಯಾಲೆ ಆಡಿಸ್ರಿ, ಕಬ್ಬಿಣದ ಪುಡಿ ಎದ್ದು ಬರತೈತಿ.